ತೋಡಿಗೊಂದು ಕಟ್ಟ, ಬಾವಿಗೆ ಜೀವ

ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರು ಬಯಲುಸೀಮೆಯ ನೆಂಟರ ಎದುರು ನೀರಿನ ಕಷ್ಟ ಹೇಳಿಕೊಂಡರೆ ಅವರು ನಂಬುವುದಿಲ್ಲ. “ನಿಮ್ಗೇನ್ರೀ, ನಾಲ್ಕು ತಿಂಗ್ಳು ಬಿಡದೆ ಮಳೆ!” ಅಂತ ನಗುತ್ತಾರೆ. ಅವರ ಮಾತು ಸುಳ್ಳಲ್ಲ. ನಮ್ಮಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಿತ್ರದುರ್ಗದಂಥ ಜಿಲ್ಲೆಗೆ ಬೀಳುವುದರ ಐದಾರು ಪಟ್ಟು. ಆದರೂ 2019ರ ಮೇ ತಿಂಗಳಲ್ಲಿ ನೇತ್ರಾವತಿ ಸೊರಗಿ, ಕ್ಷೇತ್ರಕ್ಕೆ ಬರುವುದನ್ನು ಕೆಲವು ದಿನ ಮುಂದೂಡಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಅದೇ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನಳ್ಳಿ ನೀರಿಗೆ ರೇಷನ್. ಅದಕ್ಕೆ ಮೂರು ವರ್ಷ ಮೊದಲು, 2016ರಲ್ಲೂ ಇದೇ ಕಥೆ.

ಹಾಗಾದರೆ ಬಿದ್ದ ನೀರೆಲ್ಲ ಎಲ್ಲಿಗೆ ಹೋಯಿತು? ಸ್ವಲ್ಪ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. 3500 ಮಿ.ಮೀ. ಮಳೆಗೆ ಒಂದು ಎಕರೆಯ ಮೇಲೆ ಬೀಳುವ ನೀರು 1 ಕೋಟಿ 40 ಲಕ್ಷ ಲೀಟರ್! ಅದೇ ಎಕರೆಯಲ್ಲಿ 550 ಅಡಿಕೆ ಮರ ಇದೆ ಅಂದುಕೊಳ್ಳಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೂ ನಾಲ್ಕೂವರೆ ತಿಂಗಳ ಬೇಸಿಗೆಗೆ ಬೇಕಾಗುವುದು ಹೆಚ್ಚುಕಡಿಮೆ 15 ಲಕ್ಷ ಲೀಟರ್. ಅಂದರೆ ನಮ್ಮ ತಲೆ ಮೇಲೆ ಬಿದ್ದದ್ದರಲ್ಲಿ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಗುಡ್ಡ ಇಳಿದು, ತೋಡು ಸೇರಿ, ತೋಡಿನಿಂದ ಹೊಳೆ, ಹೊಳೆಯಿಂದ ಅರಬ್ಬಿ ಸಮುದ್ರ. ಮಳೆಗಾಲದ ನೀರನ್ನು ಯಾರಿಂದಲೂ ಹಿಡಿದಿಡಲು ಆಗದು ಬಿಡಿ. ಆದರೆ ಮಳೆ ನಿಂತ ಮೇಲೆ, ನವೆಂಬರ್–ಡಿಸೆಂಬರಿನಲ್ಲಿ ತೋಡಿನಲ್ಲಿ ತೆಳ್ಳಗೆ ಹರಿಯುತ್ತದಲ್ಲ, ಅದನ್ನು ಹಿಡಿಯಬಹುದು. ನಮ್ಮ ಹಿರಿಯರು ಹಿಡಿಯುತ್ತಲೇ ಇದ್ದರು. ಅದಕ್ಕೆ ಅವರಿಟ್ಟ ಹೆಸರು ‘ಕಟ್ಟ’.

ಕಟ್ಟ ಅಂದರೆ ಎಂಥದು?

ಸಿಮೆಂಟಿಲ್ಲ, ಎಂಜಿನಿಯರಿಲ್ಲ. ತೋಡಿಗೆ ಅಡ್ಡಲಾಗಿ ಕಾಡುಕಲ್ಲಿನ ಎರಡು ಸಾಲು ಗೋಡೆ, ನಡುವೆ ಒಂದೆರಡು ಅಡಿ ಜಾಗ, ಅದಕ್ಕೆ ಮಣ್ಣು ತುಂಬಿಸಿ ಕಾಲಲ್ಲಿ ತುಳಿದು ಗಟ್ಟಿ ಮಾಡುವುದು. ಕಲ್ಲು ಕಡಿಮೆ ಇದ್ದಲ್ಲಿ ಅಡಿಕೆ ಮರದ ಕಾಂಡ, ಸೊಪ್ಪು, ಹುಲ್ಲು. ಮೊದಲ ದೊಡ್ಡ ಮಳೆಗೆ ಮಣ್ಣು ತೊಳೆದು ಹೋಗುತ್ತದೆ, ಕಲ್ಲು ಅಲ್ಲಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಮತ್ತೆ ಅದನ್ನೇ ಎತ್ತಿ ಕಟ್ಟುವುದು. ಹೀಗೆ ಪ್ರತಿ ವರ್ಷ ಹುಟ್ಟಿ ಪ್ರತಿ ವರ್ಷ ಸಾಯುವ ಅಣೆಕಟ್ಟು ಇದು. ಕಟ್ಟದ ಹೆಸರನ್ನೇ ಹೊತ್ತ ಮನೆಗಳು, ಜಾಗಗಳು ನಮ್ಮ ಕಡೆ ಈಗಲೂ ಇವೆ. ಎಷ್ಟೋ ಕಡೆ ಹೆಸರು ಉಳಿದಿದೆ, ಕಟ್ಟ ಇಲ್ಲ.

ಹೋದದ್ದು ಹೇಗೆ? ಮೊದಲು ಪಂಪು ಬಂತು. ಆಮೇಲೆ ಬೋರ್‌ವೆಲ್ ಲಾರಿ ಬಂತು. “ನನ್ನ ಜಾಗದಲ್ಲಿ ನಾನು ತೋಡಿಸಿದ ಬೋರು, ನನ್ನ ನೀರು” ಅನ್ನುವ ಧೈರ್ಯ ಬಂದ ಮೇಲೆ ಹತ್ತು ಮನೆಯವರು ಸೇರಿ ಮಣ್ಣು ತುಳಿಯುವುದು ಯಾರಿಗೆ ಬೇಕು? ಆಸ್ತಿ ಪಾಲಾಯಿತು, ಮಕ್ಕಳು ಬೆಂಗಳೂರು, ಗಲ್ಫ್ ಸೇರಿದರು, ಆಳುಗಳು ಸಿಗದಾದರು. ಕಟ್ಟದ ಹಿರಿಯರು ಒಬ್ಬೊಬ್ಬರೇ ತೀರಿಕೊಂಡರು.

ನಮ್ಮ ತೋಡಿನಲ್ಲೂ ಆದದ್ದು ಇದೇ. ನಮ್ಮದು ಪುತ್ತೂರು ತಾಲೂಕಿನ ಗಡಿಭಾಗ. ತೋಡು ಹೋಗಿ ಸೇರುವುದು ಶಿರಿಯಾ ಹೊಳೆಯನ್ನು. ಕರ್ನಾಟಕದ ಗುಡ್ಡಗಳಲ್ಲಿ ಹುಟ್ಟಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಹರಿದು, ಕುಂಬಳೆಯ ಹತ್ತಿರ ಕಡಲು ಸೇರುವ ಹೊಳೆ ಅದು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆ ಹೇಳುತ್ತಿದ್ದರು, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹುಡುಕಬೇಕಿದ್ದರೆ ಕಟ್ಟಕ್ಕೇ ಹೋಗಬೇಕಿತ್ತಂತೆ, ಈಜಿ ಈಜಿ ಕಣ್ಣು ಕೆಂಪಾಗಿರುತ್ತಿತ್ತಂತೆ. ನಾನು ನೋಡಿದ ತೋಡಿನಲ್ಲಿ ಫೆಬ್ರವರಿಗೆ ಮರಳು, ಮಾರ್ಚಿಗೆ ಒಣಗಿದ ಎಲೆ, ಅದರ ನಡುವೆ ಯಾರೋ ಎಸೆದ ಡಯಾಪರು, ಕೋಳಿ ತ್ಯಾಜ್ಯದ ಚೀಲ. ಬಾವಿ ಮಾರ್ಚ್ ಕೊನೆಗೆ ತಳ ತೋರಿಸುತ್ತಿತ್ತು. ಅಕ್ಕಪಕ್ಕದಲ್ಲಿ ಬೋರಿನ ಆಳ ವರ್ಷ ವರ್ಷ ಹೆಚ್ಚುತ್ತಿತ್ತು. ನೀರು ಸಿಗದೆ ಬರೀ ಧೂಳು ಹಾರಿದ ಬೋರಿಗೂ ಲಾರಿಯವರಿಗೆ ದುಡ್ಡು ಕೊಡಲೇಬೇಕಲ್ಲ! ಒಂದು ಮನೆಯವರು ಒಂದೇ ಬೇಸಿಗೆಯಲ್ಲಿ ಹಾಗೆ ಎರಡು ಸಲ ಕೈಸುಟ್ಟುಕೊಂಡರು. ಮಗಳ ಮದುವೆಗೆ ಅಂತ ಇಟ್ಟ ಹಣ ಅದು.

ಏತಡ್ಕ ನೋಡಿ ಬಂದ ಮೇಲೆ

ಗಡಿಯಾಚೆ, ಕಾಸರಗೋಡು ಜಿಲ್ಲೆಯ ಏತಡ್ಕದ ರೈತರು ತಮ್ಮ ತೋಡಿಗೆ ಸಾಲಾಗಿ ಕಟ್ಟ ಕಟ್ಟುತ್ತಾರೆ ಎನ್ನುವುದನ್ನು ಓದಿದ್ದೆವು. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ನಮ್ಮ ಕಡೆಯ ಕೃಷಿಕರ ಮನೆಯ ಪತ್ರಿಕೆ. ಅದರ ಸಂಪಾದಕರಾಗಿ ಶ್ರೀಪಡ್ರೆಯವರು ಕಟ್ಟ, ಮದಗ, ಸುರಂಗ, ಇಂಗುಗುಂಡಿ ಎಂದು ವರ್ಷಗಟ್ಟಲೆ ಬರೆದು, ಊರೂರಿಗೆ ಹೋಗಿ ಚಿತ್ರ ತೋರಿಸಿ ಮಾತಾಡಿ ನೀರಿನ ವಿಚಾರವನ್ನು ಅಂಗಳಕ್ಕೆ ತಂದವರು. ಓದುವುದು ಬೇರೆ, ನೋಡುವುದು ಬೇರೆ. ನಮ್ಮ ತೋಡಿನ ಬದಿಯ ಕೆಲವರು ಒಂದು ಜನವರಿಯಲ್ಲಿ ಜೀಪು ಮಾಡಿಕೊಂಡು ಹೋಗಿ ಕಣ್ಣಾರೆ ಕಂಡು ಬಂದರು. ಒಂದು ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡ ಮುಟ್ಟುವ ಹಾಗೆ, ತೋಡು ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತಂತೆ. ಹೋಗುವಾಗ ಜೀಪಿನಲ್ಲಿ ಅಡಿಕೆ ರೇಟಿನ ಮಾತು, ಬರುವಾಗ ಕಟ್ಟದ್ದೇ ಮಾತು.

ಮೊದಲ ವರ್ಷ 14 ಮನೆಯವರು ಒಪ್ಪಿದರು. ನಾಲ್ಕು ಮನೆಯವರು “ನೋಡುವ” ಅಂದರು. ನಮ್ಮ ಊರಲ್ಲಿ “ನೋಡುವ” ಅಂದರೆ “ಇಲ್ಲ” ಅಂತಲೇ ಅರ್ಥ! ಹಣ ಕೊಡುವವರು ಹಣ, ಕೆಲಸಕ್ಕೆ ಬರುವವರು ಕೆಲಸ, ಎರಡೂ ಆಗದವರು ಒಂದು ಹೊತ್ತಿನ ಊಟ – ಹೀಗೆ ಪಾಲು. ಮಣ್ಣಿಗೆ ಹುಡುಕಾಟ, ತುಳಿಯುವವರಿಗೆ ಹುಡುಕಾಟ. ಕೊನೆಗೆ ಹಳೆ ಕ್ರಮದ ಜೊತೆ ಹೊಸದನ್ನೂ ಸೇರಿಸಿದೆವು. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿಸಿ ಇಟ್ಟಿಗೆ ಹಾಗೆ ಜೋಡಿಸುವುದು, ನೀರು ನಿಲ್ಲುವ ಬದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದೆಸುವುದು, ಹಾಳೆಯ ಕೆಳ ಅಂಚನ್ನು ತೋಡಿನ ತಳದಲ್ಲಿ ಅಗೆದು ಮಣ್ಣಲ್ಲಿ ಹೂಳುವುದು. ಶನಿವಾರ ಶುರು ಮಾಡಿ ಭಾನುವಾರ ಸಂಜೆ ಚಹಾದ ಹೊತ್ತಿಗೆ ಮುಗಿಸಿದೆವು. ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು ಬಂದಿದ್ದರು. ಚೀಲ ಹೊಲಿದವರು, ಅವಲಕ್ಕಿ ಮಜ್ಜಿಗೆ ಹಂಚಿದವರು, ಮರಳು ತುಂಬಿಸಿದವರು ಹೆಚ್ಚಿನಂಶ ಹೆಂಗಸರೇ. ಪೇಪರಿನ ಫೋಟೋದಲ್ಲಿ ಮಾತ್ರ ಬರೀ ಗಂಡಸರು. ಇದನ್ನು ಬರೆಯದಿದ್ದರೆ ನಮ್ಮ ಸ್ತ್ರೀಶಕ್ತಿ ಸಂಘದವರು ನನ್ನನ್ನು ಬಿಡಲಿಕ್ಕಿಲ್ಲ.

ತೋಡು ತುಂಬಿದರೆ ಬಾವಿ ಯಾಕೆ ತುಂಬುತ್ತದೆ?

ಇದನ್ನು ತುಂಬ ಜನ ಕೇಳುತ್ತಾರೆ. ಕಟ್ಟದಲ್ಲಿ ನಿಲ್ಲುವ ನೀರು ಎಷ್ಟಿದ್ದೀತು ಮಹಾ? ಅಂದಾಜು ಹಾಕಿ: ತೋಡು 15 ಮೀಟರ್ ಅಗಲ, ಕಟ್ಟದ ಬುಡದಲ್ಲಿ ಒಂದೂವರೆ ಮೀಟರ್ ಆಳ, ನೀರು 300 ಮೀಟರ್ ಹಿಂದಕ್ಕೆ ನಿಂತಿದೆ ಅಂದರೆ ಸುಮಾರು 33 ಲಕ್ಷ ಲೀಟರ್. ಎರಡು ಎಕರೆ ತೋಟದ ಬೇಸಿಗೆಗೆ ಮುಗಿದು ಹೋಯಿತು! ಆದರೆ ಕಟ್ಟದ ಗುಟ್ಟು ಅದು ನಿಲ್ಲಿಸುವ ನೀರಲ್ಲಿ ಇಲ್ಲ, ತಡೆಯುವ ನೀರಲ್ಲಿ ಇದೆ.

ನಮ್ಮದು ಮುರಕಲ್ಲಿನ ನೆಲ. ತೂತು ತೂತಾದ ಕಲ್ಲು. ಅದರ ಅಡಿಯಲ್ಲಿ ಬಿಳಿ ಶೇಡಿ ಮಣ್ಣು. ಮಳೆ ನೀರು ಕಲ್ಲಿನ ಮೂಲಕ ಇಳಿದು ಗುಡ್ಡದ ಒಡಲಲ್ಲಿ ಸೇರಿ, ನಿಧಾನಕ್ಕೆ ಜಾರುತ್ತಾ ತಗ್ಗಿನಲ್ಲಿರುವ ತೋಡಿಗೆ ಬಂದು ಸೇರುತ್ತದೆ. ಮಳೆ ಇಲ್ಲದ ಡಿಸೆಂಬರಿನಲ್ಲೂ ತೋಡು ಹರಿಯುವುದು ಈ ಗುಡ್ಡದ ನೀರಿನಿಂದ. ತೋಡಿನ ಮಟ್ಟ ತಗ್ಗಿದಷ್ಟೂ ಗುಡ್ಡದ ನೀರು ಬೇಗ ಬಸಿದು ಹೋಗುತ್ತದೆ, ಜೊತೆಗೆ ನಮ್ಮ ಬಾವಿಯದ್ದೂ. ಕಟ್ಟ ಕಟ್ಟಿ ತೋಡಿನ ಮಟ್ಟ ನಾಲ್ಕೈದು ಅಡಿ ಏರಿಸಿದರೆ ಇಳಿಜಾರು ಕಡಿಮೆಯಾಯಿತು. ಗುಡ್ಡದ ನೀರು ಅವಸರ ಬಿಡುತ್ತದೆ. ಸಿಂಕಿನ ತೂತಿಗೆ ಬೂಚು ಹಾಕಿದ ಹಾಗೆ ಅಂತ ನಾನು ಮಕ್ಕಳಿಗೆ ಹೇಳಿಕೊಡುವುದು. ಹಾಗಾಗಿ ತೋಡಿನಿಂದ ದೂರ ಇರುವ ಮನೆಯ ಬಾವಿಯಲ್ಲೂ ನೀರು ಹೆಚ್ಚು ದಿನ ನಿಲ್ಲುತ್ತದೆ. ತೋಡಿಗೆ ಹತ್ತಿರದವರಿಗೆ ಲಾಭ ಜಾಸ್ತಿ, ದೂರದವರಿಗೆ ಕಡಿಮೆ, ಆದರೆ ಯಾರಿಗೂ ನಷ್ಟ ಇಲ್ಲ.

ನಮ್ಮ ಬಾವಿಯ ಮಾತು ಹೇಳಬೇಕೆಂದರೆ, ಕಟ್ಟ ಆದ ವರ್ಷ ಏಪ್ರಿಲ್ ಪೂರ್ತಿ ನೀರು ಸೇದಿದೆವು. ಮೇ ಎರಡನೇ ವಾರದಲ್ಲಿ ಸ್ವಲ್ಪ ಕೆಂಪಾಯಿತು, ಖಾಲಿಯಾಗಲಿಲ್ಲ. ಒಂದೇ ಬೇಸಿಗೆಯಲ್ಲಿ ಸ್ವರ್ಗ ಇಳಿದು ಬಂತು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಗೆ ಟ್ಯಾಂಕರು ಬರಲಿಲ್ಲ, ಅಷ್ಟೇ. ನಮಗೆ ಅಷ್ಟು ಸಾಕಿತ್ತು.

ನೀರು ಬಂತು, ಜಗಳವೂ ಬಂತು

ಕಟ್ಟುವಾಗ ಜಗಳ ಕಡಿಮೆ. ತುಂಬಿದ ಮೇಲೆಯೇ ಶುರು. ಎರಡನೇ ವರ್ಷ ಕಟ್ಟಕ್ಕೆ ಕೈ ಹಾಕದ ಒಬ್ಬರು ಏಳೂವರೆ ಎಚ್‌ಪಿ ಪಂಪು ತಂದು ತೋಡಿನ ಬದಿಯಲ್ಲಿ ಇಟ್ಟರು. ರಾತ್ರಿ ಪೂರ್ತಿ ಓಡಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟಿನ ಬಿಲ್ಲಿಲ್ಲ, ಸ್ವಿಚ್ ಹಾಕಿದವರಿಗೆ ಆಫ್ ಮಾಡುವ ಗಡಿಬಿಡಿ ಏನು? ಬೆಳಿಗ್ಗೆ ನೋಡಿದರೆ ನೀರಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅಂದವರಿದ್ದರು, ಪೈಪು ಕಡಿಯಬೇಕು ಅಂದವರೂ ಇದ್ದರು.

ಎರಡೂ ಆಗಲಿಲ್ಲ. ಭಜನಾ ಮಂದಿರದ ಜಗಲಿಯಲ್ಲಿ ಎಲ್ಲರೂ ಕೂತೆವು, ಆ ಪಂಪಿನವರೂ ಬಂದರು. ಅವರ ಪ್ರಶ್ನೆಯೂ ಸುಳ್ಳಾಗಿರಲಿಲ್ಲ: “ನನ್ನ ಬೋರು ಬತ್ತಿದೆ. ತೋಟ ಒಣಗ್ತಾ ಉಂಟು. ತೋಡು ನಿಮ್ಮ ಅಪ್ಪಂದಾ?” ತೋಡು ಯಾರ ಅಪ್ಪನದ್ದೂ ಅಲ್ಲ. ಆದರೆ ಕಟ್ಟ ಕಟ್ಟಿದವರದ್ದು. ಈ ಎರಡು ಮಾತನ್ನು ಒಂದು ಮಾಡಲು ಮೂರು ಸಂಜೆ ಬೇಕಾಯಿತು. ಕೊನೆಗೆ ಬರೆದಿಟ್ಟುಕೊಂಡದ್ದು ಇಷ್ಟು:

ಕುಡಿಯುವ ನೀರಿನ ಬಾವಿ ಮೊದಲು, ತೋಟ ಆಮೇಲೆ. ಕಟ್ಟದ ಕೆಲಸಕ್ಕೆ ಪಾಲು ಕೊಡದೆ ಪಂಪು ಇಳಿಸುವಂತಿಲ್ಲ, ಪಾಲು ಕೊಡಲು ಯಾವ ಬೇಸಿಗೆಯಲ್ಲೂ ತಡ ಆಗಿಲ್ಲ. ಒಂದು ದಿನ ಒಂದೇ ಪಂಪು, ಹಗಲು ಹೊತ್ತು ಮಾತ್ರ. ಕಟ್ಟದ ಕಲ್ಲಿಗೆ ಬಳಿದ ಕೆಂಪು ಗೆರೆಗಿಂತ ನೀರು ಕೆಳಗಿಳಿದರೆ ಎಲ್ಲರ ಪಂಪೂ ಬಂದ್. ತೋಡಿಗೆ ಕಸ ಎಸೆದವರು ಅವರ ಖರ್ಚಿನಲ್ಲಿ ತೋಡಿನ ಆ ಭಾಗ ಪೂರ್ತಿ ಗುಡಿಸಬೇಕು.

ಆ ಪಂಪಿನವರು ಮರು ವರ್ಷ ತೋಟಕ್ಕೆ ಹನಿ ನೀರಾವರಿ ಹಾಕಿಸಿದರು. ಈಗ ಕೆಂಪು ಗೆರೆ ನೋಡಿಕೊಳ್ಳುವ ಜವಾಬ್ದಾರಿ ಅವರದ್ದೇ. ಯಾರನ್ನು ಕಂಡರೆ ಭಯವೋ ಅವರ ಕೈಗೆ ಬೀಗದ ಕೈ ಕೊಡಬೇಕು ಅಂತ ನಮ್ಮ ನೆರೆಮನೆಯ ಅಜ್ಜಿ ಅಂದಿದ್ದರು. ಅಜ್ಜಿಯ ಲೆಕ್ಕ ಸರಿಯಾಯಿತು.

ಕೆಳಗಿನವರ ಆತಂಕ ಇನ್ನೊಂದು. “ನೀವು ಮೇಲೆ ಕಟ್ಟಿ ಹಾಕಿದರೆ ನಮಗೇನು?” ನ್ಯಾಯವೇ. ಕಟ್ಟ ತುಂಬುವಷ್ಟು ದಿನ ಮಾತ್ರ ಕೆಳಗೆ ಹರಿವು ನಿಲ್ಲುತ್ತದೆ. ತುಂಬಿದ ಮೇಲೆ ಹೆಚ್ಚಿನ ನೀರು ಕಟ್ಟದ ನೆತ್ತಿ ದಾಟಿ ಇಳಿಯುತ್ತದೆ, ಅಡಿಯಿಂದ ಜಿನುಗುವುದು ಬೇರೆ. ಆದರೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಕೆಳಗಿನವರನ್ನೇ ಕರೆದು, ತುಂಬಲು ಎಷ್ಟು ದಿನ ಬೇಕಾಯಿತು ಅಂತ ತೋರಿಸಿದೆವು. ಎರಡು ವರ್ಷದಲ್ಲಿ ಕೆಳಗೆ ಅವರೂ ಒಂದು ಕಟ್ಟ ಹಾಕಿಕೊಂಡರು. ಅದಾದ ಮೇಲೆ ಅವರ ನೀರು ಹಿಂದಕ್ಕೆ ನಿಂತು ನಮ್ಮ ಕಟ್ಟದ ಬುಡವನ್ನೂ ತಂಪಾಗಿಟ್ಟಿತು.

ಸಿಮೆಂಟಿನದ್ದೇ ಇದ್ದರೆ ಆಗದೇ?

ಕಿಂಡಿ ಅಣೆಕಟ್ಟು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಒಳ್ಳೆಯದೂ ಹೌದು. ತೋಡು, ಹೊಳೆಗೆ ಅಡ್ಡಲಾಗಿ ಕಾಂಕ್ರೀಟ್ ಕಂಬ, ನಡುವಿನ ಕಿಂಡಿಗಳಿಗೆ ಮಳೆ ನಿಂತ ಮೇಲೆ ಹಲಗೆ ಇಳಿಸುವುದು, ಮಳೆ ಬರುವ ಮೊದಲು ಎತ್ತುವುದು. ಕರಾವಳಿಯ ಹೊಳೆಗಳಿಗೆ ಕರ್ನಾಟಕ ಸರಕಾರ ‘ಪಶ್ಚಿಮವಾಹಿನಿ’ ಯೋಜನೆಯಲ್ಲಿ ಇಂಥವನ್ನು ಕಟ್ಟಿಸುತ್ತಿದೆ. ದೊಡ್ಡ ಹೊಳೆಗೆ ಮರಳು ಚೀಲದ ಕಟ್ಟ ನಿಲ್ಲುವುದೂ ಇಲ್ಲ, ಅಲ್ಲಿ ಇದೇ ಬೇಕು. ಆದರೆ ನಮ್ಮ ಪಕ್ಕದೂರಿನ ಒಂದು ಕಿಂಡಿ ಅಣೆಕಟ್ಟಿನಲ್ಲಿ ಹಲಗೆ ಇಳಿಸುವವರೇ ಇಲ್ಲದೆ ನೀರು ಸಲೀಸಾಗಿ ಹರಿದು ಹೋಗುವುದನ್ನು ನಾನು ನೋಡಿದ್ದೇನೆ. ಕಟ್ಟಿಸಿದವರು ಯಾರೋ, ಬಿಲ್ಲು ಪಡೆದವರು ಯಾರೋ, ಹಲಗೆ ಇರುವ ಕೋಣೆಯ ಕೀಲಿಕೈ ಯಾರ ಹತ್ತಿರವೋ. ಇನ್ನೊಂದು ಕಡೆ ಹಲಗೆ ಎತ್ತಲು ಮರೆತು, ಜೂನಿನ ಮೊದಲ ನೆರೆ ಬದಿಯ ತೋಟವನ್ನೇ ಕೊರೆದು ಹೊಸ ದಾರಿ ಮಾಡಿಕೊಂಡಿತು. ಸಿಮೆಂಟಿಗೆ ಆಯುಷ್ಯ ಜಾಸ್ತಿ, ನೆನಪು ಇಲ್ಲ. ವರ್ಷಕ್ಕೆ ಎರಡು ಸಲ ನೆನಪಿಟ್ಟು ಬರುವ ನಾಲ್ಕು ಜನ ಬೇಕೇ ಬೇಕು.

ಮೀನಿನ ವಿಚಾರವೂ ಉಂಟು. ಮೊದಲ ಮಳೆಗೆ ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುತ್ತವೆ. ನಮ್ಮ ಕಡೆ ಅವಕ್ಕೆ ‘ಉಬರು ಮೀನು’ ಅನ್ನುತ್ತಾರೆ. ಕಟ್ಟ ಆ ಹೊತ್ತಿಗೆ ಬಿಚ್ಚಿರುತ್ತದೆ, ದಾರಿ ತೆರೆದಿರುತ್ತದೆ. ಪತ್ತನಾಜೆ ಕಳೆಯುವ ಹೊತ್ತಿಗೆ ನಾವು ಚೀಲ, ಹಾಳೆ ಎಲ್ಲ ತೆಗೆದು ಬಿಡುವುದು ಇದಕ್ಕೂ ಹೌದು. ಬಿಟ್ಟರೆ ಪ್ಲಾಸ್ಟಿಕ್ಕೆಲ್ಲ ಚೂರಾಗಿ ಕುಂಬಳೆಯ ಕಡಲು ಸೇರುತ್ತದೆ.

ಗಡಿಯಾಚೆ ಕೇರಳದಲ್ಲಿ 2016ರ ಕೊನೆಗೆ ಶುರುವಾದ ಹರಿತ ಕೇರಳಂ ಮಿಷನ್ ಮೂಲಕ ಪಂಚಾಯತುಗಳೇ ಮುಂದೆ ನಿಂತು ಇಂಥ ತಾತ್ಕಾಲಿಕ ಕಟ್ಟಗಳನ್ನು ಹಾಕಿಸಿವೆ. ನಮ್ಮ ತೋಡಿನ ನೀರು ರಾಜ್ಯ ದಾಟಿ ಅವರ ಹೊಳೆಗೇ ಹೋಗುವುದಲ್ಲ, ಮೇಲೆ ನಾವು ಶುಚಿ ಇಟ್ಟರೆ ಕೆಳಗೆ ಅವರಿಗೂ ಲಾಭ. ನೀರಿಗೆ ಚೆಕ್‌ಪೋಸ್ಟ್ ಇಲ್ಲ.

ನಿಮ್ಮೂರಲ್ಲಿ ಕಟ್ಟುವುದಾದರೆ

* ಜಾಗ ಹುಡುಕುವ ಮೊದಲು ಊರಿನ ಹಿರಿಯರನ್ನು ಕೇಳಿ. ಹಳೆ ಕಟ್ಟ ಇದ್ದ ಜಾಗವೇ ಹೆಚ್ಚಿನ ಕಡೆ ಸರಿಯಾದ ಜಾಗ. ಎರಡೂ ದಡ ಗಟ್ಟಿಯಾಗಿರಬೇಕು, ತೋಡು ಅಲ್ಲಿ ಕಿರಿದಾಗಿರಬೇಕು.
* ದೀಪಾವಳಿಗೇ ಅವಸರ ಮಾಡಬೇಡಿ, ಹಿಂಗಾರಿನ ಒಂದು ಮಳೆ ಬಂದರೆ ಕೊಚ್ಚಿ ಹೋದೀತು. ಫೆಬ್ರವರಿವರೆಗೂ ಕಾಯಬೇಡಿ, ಆಗ ಹಿಡಿಯಲು ನೀರೇ ಇರುವುದಿಲ್ಲ. ಡಿಸೆಂಬರ್ ಒಳ್ಳೆಯದು.
* ಎತ್ತರದ ಒಂದು ಕಟ್ಟಕ್ಕಿಂತ ತಗ್ಗಿನ ಮೂರು ಕಟ್ಟ ಲೇಸು. ಒಡೆದರೂ ಹಾನಿ ಕಡಿಮೆ, ನೀರು ನಿಲ್ಲುವ ಉದ್ದ ಹೆಚ್ಚು.
* ಸೋರುವುದು ಹೆಚ್ಚಾಗಿ ತಳದಲ್ಲಿ ಮತ್ತು ಎರಡು ಬದಿಗಳಲ್ಲಿ. ಗಟ್ಟಿ ನೆಲ ಸಿಗುವವರೆಗೆ ಅಗೆದೇ ಶುರು ಮಾಡಿ.
* ನೆತ್ತಿಯ ನಡುಭಾಗ ಸ್ವಲ್ಪ ತಗ್ಗಾಗಿರಲಿ. ಹೆಚ್ಚಿನ ನೀರು ಅಲ್ಲೇ ಇಳಿಯುತ್ತದೆ, ದಡ ಉಳಿಯುತ್ತದೆ.
* ಕಟ್ಟಕ್ಕೆ ಮೊದಲು ಸುತ್ತಲಿನ ಬಾವಿಗಳ ನೀರಿನ ಮಟ್ಟ ಹಗ್ಗ ಇಳಿಸಿ ಅಳೆದು ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಅಳೆಯಿರಿ. “ನೋಡುವ” ಅಂದವರಿಗೆ ತೋರಿಸಲು ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.
* ಪಂಪಿನ ನಿಯಮ ನೀರು ತುಂಬುವ ಮೊದಲೇ ಬರೆಯಿರಿ.

ನಮ್ಮಲ್ಲಿ ಬಾವಿ ಅಳೆಯುವ ಕೆಲಸ ಹೈಸ್ಕೂಲಿಗೆ ಹೋಗುವ ಮೂವರು ಮಕ್ಕಳದ್ದು. ಅವರ ಪುಸ್ತಕದಲ್ಲಿ ಒಂದು ವಿಷಯ ನಮಗೂ ಹೊಸದಾಗಿ ಕಂಡಿತು: ಮಳೆ ಬೇಗ ನಿಂತ ವರ್ಷ ಕಟ್ಟ ಒಂದು ವಾರ ತಡವಾದದ್ದಕ್ಕೂ ಏಪ್ರಿಲಿನಲ್ಲಿ ಬಾವಿಗಳು ಲೆಕ್ಕ ಕೇಳಿವೆ. ಹಾಗಾಗಿ ಈ ಸಲ ನವೆಂಬರ್ ಕೊನೆಯ ಭಾನುವಾರವೇ ಸಭೆ. ಜನ ಹದಿನೆಂಟು ಮನೆಯವರೂ ಬರುತ್ತಾರೆ, ಆ ಬಗ್ಗೆ ಚಿಂತೆ ಇಲ್ಲ. ಚಿಂತೆ ಇರುವುದು ಬೇರೆ. ಮಣ್ಣು ತುಳಿಯಲು ಗೊತ್ತಿರುವ ಹಿರಿಯರು ಇಬ್ಬರೇ ಉಳಿದಿದ್ದಾರೆ, ಅದರಲ್ಲಿ ಒಬ್ಬರಿಗೆ ಮಂಡಿ ನೋವು. ಅವರನ್ನು ದಡದಲ್ಲಿ ಕುರ್ಚಿ ಹಾಕಿ ಕೂರಿಸಿ, ಹುಡುಗರನ್ನು ತೋಡಿಗಿಳಿಸಿ, “ಇಲ್ಲಿ ಇನ್ನೂ ತುಳಿ, ಅಲ್ಲಿ ಸಡಿಲ ಉಂಟು” ಅಂತ ಹೇಳಿಸಿ ಕಲಿಸಿಕೊಳ್ಳಬೇಕು. ಖಾಲಿ ಚೀಲಗಳನ್ನು ತೊಳೆದು ಒಣಗಿಸಿ ಅಟ್ಟದಲ್ಲಿ ಇಟ್ಟಿದ್ದೇವೆ. ಕಳೆದ ಬೇಸಿಗೆಯಲ್ಲಿ ಇಲಿ ಕಡಿದು ಒಂದಷ್ಟು ಹಾಳಾಗಿವೆ, ಇನ್ನೂ ಇನ್ನೂರಾದರೂ ಬೇಕು. ನಿಮ್ಮ ಮನೆಯಲ್ಲಿ ಗೊಬ್ಬರದ ಖಾಲಿ ಚೀಲ ಇದ್ದರೆ ಎಸೆಯಬೇಡಿ. ನಿಮ್ಮೂರ ತೋಡಿಗೇ ಬೇಕಾದೀತು.